ಪರ್ಸು ತುಂಬ ರೂಪಾಯಿ, ಕೈಯಲ್ಲಿ ಒಂದು ರಿಯಾಲೂ ಇಲ್ಲ

ಅದು 2022ರ ಡಿಸೆಂಬರ್ ತಿಂಗಳು. ಮಕ್ಕಾದಲ್ಲಿ ಫಜ್ರ್ ನಮಾಝ್ ಮುಗಿದು ಸ್ವಲ್ಪ ಹೊತ್ತಾಗಿತ್ತು. ನಾನು ಮತ್ತು ನನ್ನ ಅತ್ತೆ ಸಈಯ ಏಳನೆಯ ಸುತ್ತನ್ನು ಮರ್ವಾದಲ್ಲಿ ಮುಗಿಸಿ, ದುಆ ಮಾಡಿ, ಕೂದಲಿನ ತುದಿ ಕತ್ತರಿಸಿಕೊಂಡು ಆ ಬದಿಯ ಬಾಗಿಲಿನಿಂದಲೇ ಹೊರಗೆ ಬಂದೆವು. ಜನಸಂದಣಿಯಲ್ಲಿ ಯಜಮಾನರು ಎಲ್ಲೋ ತಪ್ಪಿಹೋಗಿದ್ದರು. ತಲೆ ಬೋಳಿಸಿಕೊಳ್ಳಲು ಹೋಗಿರಬಹುದು, ಬರುತ್ತಾರೆ ಎಂದು ಅರ್ಧ ಗಂಟೆ ಕಾದೆವು. ಬರಲಿಲ್ಲ. ಸೌದಿಯ ಸಿಮ್ ಕಾರ್ಡ್ ಇದ್ದದ್ದು ಅವರ ಮೊಬೈಲಿನಲ್ಲಿ ಮಾತ್ರ. ನನ್ನ ಮೊಬೈಲ್ ಗಂಟೆ ನೋಡುವುದಕ್ಕಷ್ಟೇ ಉಪಯೋಗವಾಗುತ್ತಿತ್ತು.

ನಮ್ಮ ವಸತಿ ಇದ್ದದ್ದು ಮಿಸ್ಫಲಾದಲ್ಲಿ. ಅದು ಹರಮ್‌ನ ಇನ್ನೊಂದು ದಿಕ್ಕು. ಅತ್ತೆಯವರಿಗೆ ಮೊಣಕಾಲು ನೋವು. ತವಾಫ್ ಮತ್ತು ಸಈಯನ್ನು ಹೇಗೋ ಅಲ್ಲಾಹನ ಕರುಣೆಯಿಂದ ನಡೆದೇ ಪೂರ್ತಿ ಮಾಡಿದ್ದರು. ಇನ್ನು ಒಂದು ಹೆಜ್ಜೆಯೂ ಸಾಧ್ಯವಿಲ್ಲವೆಂದು ಗೋಡೆಗೊರಗಿ ಕುಳಿತುಬಿಟ್ಟರು. ಟ್ಯಾಕ್ಸಿಯವನು 20 ರಿಯಾಲ್ ಎಂದ. ನಾನು ಪರ್ಸು ತೆರೆದೆ. ಅದರಲ್ಲಿ 2000 ರೂಪಾಯಿಯ ಒಂದು ನೋಟು, 500ರ ನಾಲ್ಕು ನೋಟು ಮತ್ತು ನನ್ನ ಎಟಿಎಂ ಕಾರ್ಡ್ ಇದ್ದವು. ಒಂದೇ ಒಂದು ರಿಯಾಲ್ ಇರಲಿಲ್ಲ. ಊರಿನಿಂದ ತಂದ ರಿಯಾಲ್‌ಗಳೆಲ್ಲ ಯಜಮಾನರ ಸೊಂಟದ ಬೆಲ್ಟಿನಲ್ಲಿದ್ದವು.

ಟ್ಯಾಕ್ಸಿಯವನು ರೂಪಾಯಿ ನೋಡಿ ತಲೆಯಾಡಿಸಿದ. ಹತ್ತಿರದಲ್ಲಿ ಕಂಡ ಹಣ ಬದಲಾಯಿಸುವ ಅಂಗಡಿಯ ಷಟರ್ ಇಳಿದಿತ್ತು. ಸ್ವಲ್ಪ ದೂರದಲ್ಲಿ ಎಟಿಎಂ ಇತ್ತು. ಕಾರ್ಡು ಹಾಕಿ ಪಿನ್ ಒತ್ತಿದೆ. ಈ ವ್ಯವಹಾರಕ್ಕೆ ಅನುಮತಿ ಇಲ್ಲ ಎಂದು ಬರೆದು ಕಾರ್ಡನ್ನು ಹೊರಗೆ ಹಾಕಿತು. ಎರಡನೆಯ ಬಾರಿಯೂ ಅದೇ ಉತ್ತರ. ಮೂರನೆಯ ಬಾರಿ ಹಾಕಲು ಧೈರ್ಯ ಸಾಲಲಿಲ್ಲ, ಕಾರ್ಡನ್ನೇ ನುಂಗಿಬಿಟ್ಟರೆ ಎಂಬ ಭಯ.

ಆಗ ಅಂಗಳ ಗುಡಿಸುತ್ತಿದ್ದ ಸ್ವಚ್ಛತಾ ಕೆಲಸಗಾರನೊಬ್ಬ ನಮ್ಮನ್ನೇ ನೋಡುತ್ತಿದ್ದವನು ಹತ್ತಿರ ಬಂದ. ಉರ್ದುವಿನಲ್ಲಿ ವಿಷಯ ಕೇಳಿದ. ಜೇಬಿನಿಂದ ಮಡಚಿದ 20 ರಿಯಾಲ್ ನೋಟನ್ನು ತೆಗೆದು ಅತ್ತೆಯವರ ಕೈಗಿತ್ತು, "ಅಮ್ಮಾ, ನನಗಾಗಿ ದುಆ ಮಾಡಿ" ಎಂದಷ್ಟೇ ಹೇಳಿ ಪೊರಕೆ ಹಿಡಿದು ಹೊರಟುಹೋದ. ಊರಿನಲ್ಲಿ ಹೆಂಡತಿ ಮಕ್ಕಳಿಗಾಗಿ ಒಂದೊಂದೇ ರಿಯಾಲ್ ಕೂಡಿಡುವ ಮನುಷ್ಯ ಅವನು. ನಾನು ಸಂಬಳ ಪಡೆಯುವ ಅಧ್ಯಾಪಿಕೆ. ಟ್ಯಾಕ್ಸಿಯಲ್ಲಿ ಕುಳಿತಾಗ ನನಗೆ ಅಳು ಬಂತು. ಅದರಲ್ಲಿ ಕೃತಜ್ಞತೆ ಎಷ್ಟಿತ್ತೋ ನಾಚಿಕೆಯೂ ಅಷ್ಟೇ ಇತ್ತು.

ಮರುದಿನ ಅದೇ ಸ್ಥಳಕ್ಕೆ ಹೋಗಿ ಅವನನ್ನು ಹುಡುಕಿದೆವು. ಒಂದೇ ಬಣ್ಣದ ಸಮವಸ್ತ್ರ ತೊಟ್ಟ ನೂರಾರು ಮಂದಿಯ ನಡುವೆ ಅವನು ಸಿಗಲಿಲ್ಲ. ಅವನ ಹೆಸರಿನಲ್ಲಿ ಇನ್ನೊಬ್ಬ ಕೆಲಸಗಾರನಿಗೆ ಅಷ್ಟು ಹಣ ಕೊಟ್ಟು ಬಂದೆವು.

ಈ ಘಟನೆಯನ್ನು ಹೇಳಿಕೊಳ್ಳಲು ನನಗೆ ಇನ್ನೊಂದು ಕಾರಣವೂ ಇದೆ. ಮದ್ರಸದಲ್ಲಿ ಹೆಣ್ಣು ಮಕ್ಕಳಿಗೆ ಫಿಕ್ಹ್ ಕಲಿಸುವವಳು ನಾನು. ಅದರಲ್ಲಿ 'ಸರ್ಫ್' ಎಂಬ ಅಧ್ಯಾಯವಿದೆ. ಅದು ನಾಣ್ಯಕ್ಕೆ ನಾಣ್ಯ ಬದಲಾಯಿಸುವುದರ ನಿಯಮಗಳ ಅಧ್ಯಾಯ. ಅದನ್ನು ಎಷ್ಟು ವರ್ಷ ಕಲಿಸಿದ್ದೇನೋ ಲೆಕ್ಕವಿಲ್ಲ. ಆದರೆ ನಿಜವಾದ ನೋಟನ್ನು ನಿಜವಾದ ನೋಟಿಗೆ ಬದಲಾಯಿಸಬೇಕಾದ ದಿನ ನನಗೆ ಏನೂ ಗೊತ್ತಿರಲಿಲ್ಲ. "ಅದೆಲ್ಲ ಗಂಡಸರು ನೋಡಿಕೊಳ್ಳುತ್ತಾರೆ" ಎಂಬ ಒಂದೇ ಮಾತಿನ ಮೇಲೆ ನಾವೆಷ್ಟೋ ಸ್ತ್ರೀಯರು ಸಮುದ್ರ ದಾಟುತ್ತೇವೆ. ಗಂಡಸರು ನೋಡಿಕೊಳ್ಳುತ್ತಾರೆ, ನಿಜ. ಆದರೆ ಅವರು ಪಕ್ಕದಲ್ಲಿ ಇರುವ ತನಕ ಮಾತ್ರ.

ಈಗಂತೂ ಪರಿಸ್ಥಿತಿ ಬದಲಾಗಿದೆ. 2018ರಿಂದ ನಮ್ಮ ಹಜ್ಜ್ ಸಮಿತಿಯು 45 ವರ್ಷ ದಾಟಿದ ಮಹಿಳೆಯರಿಗೆ ಮಹ್ರಮ್ ಇಲ್ಲದೆ ಗುಂಪಾಗಿ ಹಜ್ಜ್‌ಗೆ ಅರ್ಜಿ ಹಾಕಲು ಅವಕಾಶ ಕೊಟ್ಟಿದೆ. ಈ ಬಗ್ಗೆ ಫಿಕ್ಹ್‌ನಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಆ ಚರ್ಚೆ ಇಲ್ಲಿ ಬೇಡ. ಆದರೆ ಅಂತಹ ಗುಂಪಿನಲ್ಲಿ ಹೋಗುವ ಸಹೋದರಿಗೆ ಹಣದ ವಿಷಯವನ್ನು ಬೇರೆಯವರ ಮೇಲೆ ಹೊರಿಸಲು ಸಾಧ್ಯವೇ ಇಲ್ಲ. 2023ಕ್ಕೆ ಮುಂಚೆ ಹಜ್ಜ್ ಸಮಿತಿಯ ಮೂಲಕ ಹೋಗುವ ಪ್ರತಿಯೊಬ್ಬರಿಗೂ ಖರ್ಚಿಗೆಂದು 2100 ರಿಯಾಲ್ ಸಮಿತಿಯೇ ಕೊಡುತ್ತಿತ್ತು. 2023ರಲ್ಲಿ ಆ ಕಡ್ಡಾಯ ಪದ್ಧತಿ ನಿಂತು, ಯಾತ್ರಿಕರು ತಮಗೆ ಬೇಕಾದಷ್ಟನ್ನು ತಾವೇ ಏರ್ಪಾಡು ಮಾಡಿಕೊಳ್ಳುವ ವ್ಯವಸ್ಥೆ ಬಂತು. ಅಂದರೆ ಲೆಕ್ಕ ಈಗ ನಮ್ಮ ಕೈಗೇ ಬಂದಿದೆ.

ಅರಬರ ನಾಡಿನಲ್ಲಿ ರೂಪಾಯಿ ನಡೆಯುತ್ತಿದ್ದ ಕಾಲ

"ನಮ್ಮ ಕಾಲದಲ್ಲಿ ಗಲ್ಫಿನಲ್ಲಿ ರೂಪಾಯಿಯೇ ನಡೆಯುತ್ತಿತ್ತು" ಎಂದು ಹಿರಿಯರು ಹೇಳುವುದನ್ನು ಕೇಳಿ ನಾವು ನಕ್ಕಿದ್ದುಂಟು. ಅದು ಸುಳ್ಳಲ್ಲ. ಕುವೈತ್, ಬಹ್ರೈನ್, ಕತಾರ್, ದುಬೈ ಮುಂತಾದ ಕಡೆಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಆ ನಾಡುಗಳಿಗಾಗಿಯೇ ಬೇರೆ ನೋಟುಗಳನ್ನು ಹೊರಡಿಸಿತು. 1961ರಲ್ಲಿ ಕುವೈತ್ ತನ್ನದೇ ದೀನಾರ್ ತಂದಿತು, 1965ರಲ್ಲಿ ಬಹ್ರೈನ್. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಕತಾರ್, ದುಬೈಗಳೂ ಕೈಬಿಟ್ಟವು. ಒಮಾನಿನಲ್ಲಿ 1970ರ ತನಕ ನಡೆಯಿತು.

ಹಜ್ಜ್‌ಗೆ ಹೋಗುವವರಿಗಾಗಿಯೂ ರಿಸರ್ವ್ ಬ್ಯಾಂಕ್ 1959ರಲ್ಲಿ 10 ಮತ್ತು 100 ರೂಪಾಯಿಯ ವಿಶೇಷ ನೋಟುಗಳನ್ನು ಹೊರಡಿಸಿತ್ತು. ಸರಣಿ ಸಂಖ್ಯೆಯ ಮುಂದೆ 'ಎಚ್‌ಎ' ಎಂಬ ಅಕ್ಷರಗಳಿದ್ದ ಆ ನೋಟನ್ನು ಸೌದಿಯಲ್ಲಿ ಕೊಟ್ಟು ಅಲ್ಲಿನ ಹಣ ಪಡೆಯಬಹುದಿತ್ತು.

ಸೌದಿಯವರ ಕಡೆಯ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಮೊದಲು ಬೆಳ್ಳಿಯ ರಿಯಾಲ್ ನಾಣ್ಯಗಳಿದ್ದವು. ಹಜ್ಜ್ ಯಾತ್ರಿಕರು ಅವುಗಳ ಭಾರವನ್ನು ಹೊತ್ತು ನಡೆಯಬೇಕಿತ್ತು. 1953ರಲ್ಲಿ ಅಲ್ಲಿನ ಹಣಕಾಸು ಸಂಸ್ಥೆಯು 'ಹಾಜಿಗಳ ರಶೀದಿ' ಎಂಬ 10 ರಿಯಾಲಿನ ಕಾಗದವನ್ನು ಹೊರಡಿಸಿತು. ಹಾಜಿಗಳಿಗೆ ಅರ್ಥವಾಗಲೆಂದು ಅದರ ಮೇಲೆ ಅರಬಿಯ ಜೊತೆಗೆ ಉರ್ದು, ಪಾರ್ಸಿ, ತುರ್ಕಿ, ಮಲಯ ಮತ್ತು ಇಂಗ್ಲಿಷ್ ಭಾಷೆಗಳಲ್ಲೂ ಬರೆದಿತ್ತು. ಜನರು ಅದನ್ನೇ ನೋಟಿನಂತೆ ಉಪಯೋಗಿಸತೊಡಗಿದರು. 1961ರಲ್ಲಿ ಅಧಿಕೃತ ಕಾಗದದ ನೋಟು ಬಂತು. ಸೌದಿಯ ನೋಟಿನ ಚರಿತ್ರೆ ಆರಂಭವಾದದ್ದೇ ಹಾಜಿಗಳ ಪರ್ಸಿನಿಂದ ಎನ್ನಬಹುದು.

ಆ ಕಾಲ ಮುಗಿಯಿತು. ಇಂದು ಹರಮ್‌ನ ಸುತ್ತಲ ಕೆಲವು ಅಂಗಡಿಗಳವರು ರೂಪಾಯಿ ಕೇಳಿ ಪಡೆದರೂ ದರ ಅವರು ಹೇಳಿದ್ದೇ. ರೂಪಾಯಿಯನ್ನು ನಂಬಿ ಹೋಗುವುದರಲ್ಲಿ ಇನ್ನೊಂದು ಅಪಾಯವಿದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟು ರದ್ದಾದಾಗ ಹೊರದೇಶದಲ್ಲಿದ್ದವರ ಕೈಯ ಆ ನೋಟುಗಳು ಅಲ್ಲಿ ಒಂದೇ ರಾತ್ರಿಯಲ್ಲಿ ಬರೀ ಕಾಗದವಾದವು. ನನ್ನ ಪರ್ಸಿನಲ್ಲಿದ್ದ 2000ದ ನೋಟನ್ನೂ ಹಿಂತೆಗೆದುಕೊಳ್ಳುವುದಾಗಿ 2023ರ ಮೇ 19ರಂದು ರಿಸರ್ವ್ ಬ್ಯಾಂಕ್ ಘೋಷಿಸಿತು. ನಿಯಮದ ಪ್ರಕಾರ ನಾವು 25,000 ರೂಪಾಯಿಯ ತನಕ ಭಾರತದ ನೋಟನ್ನು ಹೊರಗೆ ಒಯ್ಯಬಹುದು. ಆದರೆ ಅದು ಮರಳಿ ಬಂದಾಗ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಖರ್ಚಿಗೆ ಇರಲಿ. ಅಲ್ಲಿನ ಖರ್ಚಿಗೆ ಅಲ್ಲಿನ ಹಣವೇ ಬೇಕು.

ದರದ ಹಲಗೆಯನ್ನು ಓದುವುದು ಹೇಗೆ?

ಹಣ ಬದಲಾಯಿಸುವ ಕಡೆ ಗೋಡೆಯಲ್ಲಿ ಒಂದು ಹಲಗೆ ಇರುತ್ತದೆ. ಅದರಲ್ಲಿ ಪ್ರತಿ ದೇಶದ ಹಣದ ಎದುರು ಎರಡು ಸಂಖ್ಯೆಗಳು. ಒಂದು ಅವರು ನಮ್ಮಿಂದ ಕೊಳ್ಳುವ ದರ, ಇನ್ನೊಂದು ನಮಗೆ ಮಾರುವ ದರ. ಮಾರುವ ದರ ಯಾವಾಗಲೂ ಹೆಚ್ಚು. ಇವೆರಡರ ನಡುವಿನ ಅಂತರವೇ ಅವರ ಲಾಭ. ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಕಾಣುವ ದರ ಇವೆರಡರ ನಡುವೆ ಎಲ್ಲೋ ಇರುತ್ತದೆ, ಆ ದರಕ್ಕೆ ನಮಗೆ ಯಾರೂ ಕೊಡುವುದಿಲ್ಲ.

ಒಂದು ಲೆಕ್ಕ ನೋಡೋಣ. ಸುಲಭವಾಗಲೆಂದು ದರಗಳನ್ನು ನಾನೇ ಊಹಿಸಿಕೊಂಡಿದ್ದೇನೆ. ಪೇಟೆಯ ದರ ರಿಯಾಲಿಗೆ 24 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯವರು 25ಕ್ಕೆ ಮಾರುತ್ತಾರೆ, 23ಕ್ಕೆ ಕೊಳ್ಳುತ್ತಾರೆ. ನೀವು 1500 ರಿಯಾಲ್ ಕೊಂಡರೆ 37,500 ರೂಪಾಯಿ ಕೊಡುತ್ತೀರಿ. ಪೇಟೆಯ ದರದಲ್ಲಿ ಅದು 36,000 ಮಾತ್ರ. ಅಂದರೆ 1500 ರೂಪಾಯಿ ಬದಲಾವಣೆಯ ಖರ್ಚು. ಇನ್ನು 500 ರಿಯಾಲ್ ಉಳಿಸಿಕೊಂಡು ಬಂದು ಮರಳಿ ಕೊಟ್ಟರೆ 12,500 ಕೊಟ್ಟು ಕೊಂಡದ್ದಕ್ಕೆ 11,500 ಮಾತ್ರ ಸಿಗುತ್ತದೆ. ಸುಮ್ಮನೆ ಹೋಗಿ ಬಂದ ನೋಟಿಗೆ ಸಾವಿರ ರೂಪಾಯಿ ನಷ್ಟ! ಆದ್ದರಿಂದ "ಇರಲಿ" ಎಂದು ರಾಶಿ ಹಣ ಬದಲಾಯಿಸುವುದು ಜಾಣತನವಲ್ಲ.

ಇದಲ್ಲದೆ ಸರಕಾರದ ಜಿಎಸ್‌ಟಿ ಇದೆ. ಒಂದು ಲಕ್ಷ ರೂಪಾಯಿಯ ತನಕದ ಬದಲಾವಣೆಗೆ ಅದು ನೂರಕ್ಕೆ 18 ಪೈಸೆಯಷ್ಟು, ಕನಿಷ್ಠ 45 ರೂಪಾಯಿ. ಕೆಲವರು ಸೇವಾ ಶುಲ್ಕವನ್ನೂ ಸೇರಿಸುತ್ತಾರೆ. ಈ ಎಲ್ಲ ಗೊಂದಲಕ್ಕೆ ಒಂದೇ ಒಂದು ಪ್ರಶ್ನೆ ಸಾಕು: "ಎಲ್ಲ ಸೇರಿ 40,000 ರೂಪಾಯಿ ಕೊಟ್ಟರೆ ನನ್ನ ಕೈಗೆ ಎಷ್ಟು ರಿಯಾಲ್ ಬರುತ್ತದೆ?" ಈ ಪ್ರಶ್ನೆಯನ್ನು ಮೂರು ಕಡೆ ಕೇಳಿ. ಯಾರು ಹೆಚ್ಚು ರಿಯಾಲ್ ಹೇಳುತ್ತಾರೋ ಅವರದೇ ಒಳ್ಳೆಯ ದರ. "ನಮ್ಮಲ್ಲಿ ಕಮಿಷನ್ ಇಲ್ಲ" ಎಂಬ ಬೋರ್ಡಿಗೆ ಮರುಳಾಗಬೇಡಿ. ಕಮಿಷನ್ ಇಲ್ಲದವರು ಅದನ್ನು ದರದಲ್ಲೇ ಸೇರಿಸಿರಬಹುದು. ವಿಮಾನ ನಿಲ್ದಾಣದ ಕೌಂಟರ್‌ಗಳಲ್ಲಿ ದರ ಸಾಮಾನ್ಯವಾಗಿ ದುಬಾರಿ. ಅನಿವಾರ್ಯವಾದರೆ ಅಲ್ಲಿ ಸ್ವಲ್ಪ ಮಾತ್ರ ಬದಲಾಯಿಸಿ.

ಕೆಲವರು ಡಾಲರ್ ಕೊಂಡೊಯ್ಯುವುದು ಲಾಭವೆನ್ನುತ್ತಾರೆ. 1986ರಿಂದ ಒಂದು ಡಾಲರಿಗೆ 3.75 ರಿಯಾಲ್ ಎಂದು ಸೌದಿ ಸರಕಾರ ಗೊತ್ತುಮಾಡಿದೆ, ಆದ್ದರಿಂದ ಅಲ್ಲಿ ಡಾಲರ್ ಬದಲಾಯಿಸುವಾಗ ಹೆಚ್ಚು ನಷ್ಟವಾಗುವುದಿಲ್ಲ. ಆದರೆ ರೂಪಾಯಿಯಿಂದ ಡಾಲರ್, ಡಾಲರಿನಿಂದ ರಿಯಾಲ್ ಎಂದು ಎರಡು ಬಾರಿ ಬದಲಾಯಿಸಬೇಕು, ಎರಡು ಕಡೆ ಖರ್ಚು. ಉಮ್ರಾಕ್ಕೆ ಹೋಗುವವರಿಗೆ ಊರಲ್ಲೇ ನೇರವಾಗಿ ರಿಯಾಲ್ ಕೊಳ್ಳುವುದು ಸುಲಭ.

ಎಲ್ಲಿ ಕೊಳ್ಳಬೇಕು, ಏನು ಬೇಕು?

ವಿದೇಶಿ ಹಣವನ್ನು ಬ್ಯಾಂಕಿನಿಂದ ಅಥವಾ ರಿಸರ್ವ್ ಬ್ಯಾಂಕಿನ ಪರವಾನಿಗೆ ಇರುವ ಹಣ ಬದಲಾವಣೆಗಾರರಿಂದ ಮಾತ್ರ ಕೊಳ್ಳಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟಿನ ಪ್ರತಿ ಮತ್ತು ಪಾನ್ ಕಾರ್ಡ್ ಕೇಳುತ್ತಾರೆ. ನಮ್ಮ ಅನೇಕ ಗೃಹಿಣಿಯರಿಗೆ ಪಾನ್ ಕಾರ್ಡ್ ಇರುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗಲೇ ಅದನ್ನೂ ಮಾಡಿಸಿಕೊಳ್ಳಿ. ನಗದು ಕೊಟ್ಟು ಕೊಳ್ಳುವುದಾದರೆ 50,000 ರೂಪಾಯಿಯ ತನಕ ಮಾತ್ರ, ಅದಕ್ಕಿಂತ ಹೆಚ್ಚಾದರೆ ಚೆಕ್ ಅಥವಾ ಬ್ಯಾಂಕಿನ ಮೂಲಕ ಪಾವತಿಸಬೇಕು. ಪ್ರಯಾಣಕ್ಕೆ 60 ದಿನ ಮೊದಲಿನಿಂದ ಕೊಳ್ಳಬಹುದು. ಮಲೇಷ್ಯಾ, ದುಬೈಯಂತಹ ಕಡೆಗೆ ಸಾಧಾರಣ ಪ್ರವಾಸ ಹೋಗುವವರಿಗೆ ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ 3000 ಡಾಲರಿನಷ್ಟು ಮಾತ್ರ ಕೊಡುತ್ತಾರೆ, ಹಜ್ಜ್ ಉಮ್ರಾ ಯಾತ್ರಿಕರಿಗೆ ಇದರಲ್ಲಿ ರಿಯಾಯಿತಿ ಇದೆ. ರಶೀದಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಉಳಿದ ಹಣವನ್ನು ಮರಳಿದ 180 ದಿನಗಳೊಳಗೆ ಕೊಟ್ಟು ರೂಪಾಯಿ ಪಡೆಯಬೇಕು, 2000 ಡಾಲರ್ ಬೆಲೆಯಷ್ಟು ನೋಟನ್ನು ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಬಹುದು.

ಕೌಂಟರ್ ಬಿಡುವ ಮೊದಲು ಅಲ್ಲೇ ನಿಂತು ಎಣಿಸಿ. ನಾಚಿಕೆ ಬೇಡ. ಎಣಿಸುವುದು ಅಪನಂಬಿಕೆಯಲ್ಲ. ಸಾಲವನ್ನು ಬರೆದಿಟ್ಟುಕೊಳ್ಳಬೇಕೆಂದು ಕಲಿಸಿದ ಧರ್ಮ ನಮ್ಮದು.

"ಇಲ್ಲಿ ರೂಪಾಯಿ ಕೊಡಿ, ಅಲ್ಲಿ ರಿಯಾಲ್ ತೆಗೆದುಕೊಳ್ಳಿ"

ಇನ್ನು ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯವಾದ ಒಂದು ವಿಷಯಕ್ಕೆ ಬರೋಣ. ಜಿದ್ದಾದಲ್ಲಿ ಸಂಬಂಧಿಕರೊಬ್ಬರಿರುತ್ತಾರೆ. "ನಿನಗೆ ಬೇಕಾದ ರಿಯಾಲ್ ನಾನು ಇಲ್ಲಿ ಕೊಡುತ್ತೇನೆ, ನೀನು ಊರಲ್ಲಿ ನನ್ನ ತಾಯಿಗೆ ರೂಪಾಯಿ ಕೊಟ್ಟುಬಿಡು" ಎನ್ನುತ್ತಾರೆ. ಕೆಲವು ಏಜೆಂಟರೂ ಹೀಗೆ ಹೇಳುವುದುಂಟು. ದರವೂ ಒಳ್ಳೆಯದು, ಓಡಾಟವೂ ಇಲ್ಲ, ಇದರಲ್ಲಿ ತಪ್ಪೇನು ಎಂದು ನಮಗನಿಸುತ್ತದೆ.

ತಪ್ಪು ಎರಡಿದೆ. ಒಂದು, ದೇಶದ ಕಾನೂನಿನದು. ಪರವಾನಿಗೆ ಇಲ್ಲದವರೊಡನೆ ವಿದೇಶಿ ಹಣದ ವ್ಯವಹಾರ ಮಾಡುವುದನ್ನು, ಹೊರಗೆ ಪಡೆದ ಹಣಕ್ಕೆ ಬದಲಾಗಿ ಇಲ್ಲಿ ರೂಪಾಯಿ ಕೊಡುವುದನ್ನು 1999ರ ವಿದೇಶಿ ವಿನಿಮಯ ಕಾಯಿದೆ ತಡೆಯುತ್ತದೆ. ಸಿಕ್ಕಿಬಿದ್ದರೆ ದಂಡವಿದೆ. ಸಿಕ್ಕಿಬೀಳದಿದ್ದರೂ ಹಣ ಕೈಗೆ ಬಾರದೆ ಹೋದಾಗ ದೂರು ಕೊಡಲು ನಿಮ್ಮಲ್ಲಿ ಒಂದು ತುಂಡು ಕಾಗದವೂ ಇರುವುದಿಲ್ಲ.

ಎರಡನೆಯದು, ನಾನು ಕಲಿಸುವ ಆ ಸರ್ಫ್ ಅಧ್ಯಾಯದ್ದು. ಚಿನ್ನಕ್ಕೆ ಬೆಳ್ಳಿಯನ್ನು ಬದಲಾಯಿಸುವಾಗ ಹೆಚ್ಚು ಕಡಿಮೆ ಇದ್ದರೂ ಪರವಾಗಿಲ್ಲ, ಆದರೆ ಕೊಡುವುದು ಪಡೆಯುವುದು ಎರಡೂ ಕೈಯಿಂದ ಕೈಗೆ, ಅದೇ ಕೂಟದಲ್ಲಿ ಮುಗಿಯಬೇಕು ಎಂಬುದು ಪ್ರವಾದಿಯವರ(ಸ) ಬೋಧನೆಯಿಂದ ಬಂದ ನಿಯಮ. ಇಂದಿನ ಫಿಕ್ಹ್ ವಿದ್ವಾಂಸರಲ್ಲಿ ಹೆಚ್ಚಿನವರು ಒಂದು ದೇಶದ ನೋಟನ್ನು ಇನ್ನೊಂದು ದೇಶದ ನೋಟಿಗೆ ಬದಲಾಯಿಸುವುದಕ್ಕೂ ಈ ನಿಯಮವನ್ನೇ ಅನ್ವಯಿಸುತ್ತಾರೆ. ಇಂದು ರೂಪಾಯಿ ಕೊಟ್ಟು ಹದಿನೈದು ದಿನ ಬಿಟ್ಟು ರಿಯಾಲ್ ಪಡೆದರೆ ಅದು ಬದಲಾವಣೆಯಾಗಿ ಉಳಿಯುವುದಿಲ್ಲ, ಸಾಲದ ರೂಪ ತಾಳುತ್ತದೆ. ನಡುವೆ ದರ ಬದಲಾದಾಗ ಜಗಳ ಹುಟ್ಟುವುದೂ ಇಲ್ಲೇ. ಬ್ಯಾಂಕ್ ಖಾತೆಗೋ ಕಾರ್ಡಿಗೋ ಹಣ ಜಮಾ ಆಗುವುದನ್ನು ಕೈವಶವಾದಂತೆಯೇ ಹಲವು ವಿದ್ವಾಂಸರು ಪರಿಗಣಿಸಿದ್ದಾರೆ, ಆದ್ದರಿಂದ ಅದಕ್ಕೆ ಅಡ್ಡಿಯಿಲ್ಲ.

ಸಂಬಂಧಿಕರು ಪ್ರೀತಿಯಿಂದ ನೂರಿನ್ನೂರು ರಿಯಾಲ್ ಉಡುಗೊರೆ ಕೊಟ್ಟರೆ ಅದು ಬೇರೆ ಮಾತು, ಪಡೆದು ದುಆ ಮಾಡಿ. ಆದರೆ ಅಲ್ಲಾಹನ ಮನೆಗೆ ಹೋಗುವ ದಾರಿಯ ಖರ್ಚಾದರೂ ಸಂಶಯವಿಲ್ಲದ್ದಾಗಿರಲಿ.

ಕಾರ್ಡ್ ಇದ್ದರೆ ಸಾಕೇ?

ಸೌದಿಯಲ್ಲಿ 2020ರ ಆಗಸ್ಟ್‌ನಿಂದ ಚಿಲ್ಲರೆ ಅಂಗಡಿಗಳೆಲ್ಲ ಕಾರ್ಡಿನಂತಹ ಪಾವತಿಯ ಸೌಲಭ್ಯ ಇಡಬೇಕೆಂಬ ನಿಯಮವಿದೆ. ಔಷಧಿ ಅಂಗಡಿ, ಹೋಟೆಲು, ದೊಡ್ಡ ಮಳಿಗೆಗಳಲ್ಲಿ ಕಾರ್ಡು ನಡೆಯುತ್ತದೆ. ಆದರೆ ದಾರಿಬದಿಯ ವ್ಯಾಪಾರಿ, ಟ್ಯಾಕ್ಸಿ, ಗಾಲಿಕುರ್ಚಿ ತಳ್ಳುವವರು, ಸದಕಾ ಇವುಗಳಿಗೆಲ್ಲ ನೋಟು ಬೇಕು. ಕಾರ್ಡಿನಲ್ಲಿ ಮೂರು ಬಗೆ ಇವೆ. ಮೂರರ ಗುಣವೂ ಬೇರೆ.

ಮೊದಲನೆಯದು ನಮ್ಮ ಸಾಮಾನ್ಯ ಎಟಿಎಂ ಕಾರ್ಡ್. ನನಗೆ ಕೈಕೊಟ್ಟದ್ದು ಇದೇ. ತಪ್ಪು ಯಂತ್ರದ್ದಲ್ಲ, ನನ್ನದು. ವಂಚನೆ ತಡೆಯಲೆಂದು 2020ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತು. ಅದರಂತೆ ಹೊಸ ಕಾರ್ಡುಗಳು ಆರಂಭದಲ್ಲಿ ದೇಶದೊಳಗೆ ಮಾತ್ರ ಕೆಲಸ ಮಾಡುತ್ತವೆ. ಹೊರದೇಶದ ಬಳಕೆಯನ್ನು ನಾವೇ ತೆರೆಯಬೇಕು. ಇದನ್ನು ಹೊರಡುವ ಮುಂಚೆ ಬ್ಯಾಂಕಿಗೆ ಹೋಗಿಯೋ ಮೊಬೈಲಿನಲ್ಲಿಯೋ ಮಾಡಿಸಿಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ಮಾಡೋಣವೆಂದರೆ ಬ್ಯಾಂಕಿನಿಂದ ಬರುವ ಒಟಿಪಿ ನಮ್ಮ ಊರಿನ ಸಿಮ್ಮಿಗೆ ಬರಬೇಕು. ರೋಮಿಂಗ್ ಇಲ್ಲದಿದ್ದರೆ ಅದು ಬರುವುದೇ ಇಲ್ಲ. ಈ ಕಾರ್ಡಿನಿಂದ ಅಲ್ಲಿ ಹಣ ತೆಗೆದರೆ ನಮ್ಮ ಬ್ಯಾಂಕಿನ ಶುಲ್ಕ, ದರದ ಮೇಲೆ ಸಾಮಾನ್ಯವಾಗಿ ನೂರಕ್ಕೆ ಮೂರರ ಆಸುಪಾಸಿನ ಹೆಚ್ಚುವರಿ, ಕೆಲವೊಮ್ಮೆ ಆ ಯಂತ್ರದ ಬ್ಯಾಂಕಿನ ಶುಲ್ಕ ಎಲ್ಲವೂ ಬೀಳುತ್ತವೆ. ಐವತ್ತು ನೂರು ಎಂದು ಹತ್ತು ಬಾರಿ ತೆಗೆಯುವ ಬದಲು ಬೇಕಾದಷ್ಟನ್ನು ಒಂದೆರಡು ಬಾರಿಗೆ ತೆಗೆಯುವುದು ಒಳ್ಳೆಯದು.

ಎರಡನೆಯದು ಫಾರೆಕ್ಸ್ ಕಾರ್ಡ್. ಇದಕ್ಕೆ ಮೊದಲೇ ರಿಯಾಲ್ ತುಂಬಿಸಿಕೊಳ್ಳುತ್ತೇವೆ. ತುಂಬಿದ ದಿನದ ದರವೇ ಕೊನೆಯ ತನಕ. ನಮ್ಮ ಉಳಿತಾಯ ಖಾತೆಗೆ ಸಂಬಂಧವಿಲ್ಲದ್ದರಿಂದ ಕಾರ್ಡು ಕಳೆದುಹೋದರೂ ಖಾತೆಯ ಹಣಕ್ಕೆ ಅಪಾಯವಿಲ್ಲ. ಕೂಡಲೇ ಫೋನ್ ಮಾಡಿ ಕಾರ್ಡನ್ನು ನಿಲ್ಲಿಸಿಬಿಡಬಹುದು. ತುಂಬಿಸುವಾಗ ರಿಯಾಲನ್ನೇ ತುಂಬಿಸಿ. ಡಾಲರ್ ತುಂಬಿಸಿ ಸೌದಿಯಲ್ಲಿ ಉಪಯೋಗಿಸಿದರೆ ಮತ್ತೊಮ್ಮೆ ಬದಲಾವಣೆಯ ಶುಲ್ಕ ಕಡಿಯುತ್ತಾರೆ. ಎಟಿಎಂನಲ್ಲಿ ನೋಟು ತೆಗೆದರೆ ಪ್ರತಿ ಸಲಕ್ಕೂ ಶುಲ್ಕವಿದೆ ಎಂಬುದು ನೆನಪಿರಲಿ.

ಮೂರನೆಯದು ಕ್ರೆಡಿಟ್ ಕಾರ್ಡ್. ಅಂಗಡಿಯಲ್ಲಿ ಕೊಂಡದ್ದಕ್ಕೆ ಗಡುವಿನೊಳಗೆ ಪೂರ್ತಿ ಹಣ ಕಟ್ಟಿದರೆ ಬಡ್ಡಿ ಬೀಳುವುದಿಲ್ಲ. ಆದರೆ ಅದೇ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ ಆರಂಭ. ಹರಮ್‌ನ ನೆರಳಿನಲ್ಲಿ ನಿಂತು ಗೊತ್ತಿಲ್ಲದೆ ಬಡ್ಡಿಯ ಒಪ್ಪಂದಕ್ಕೆ ಬೀಳುವುದು ಬೇಡ.

ಇನ್ನೊಂದು ಬಲೆ ಇದೆ. ಅಂಗಡಿಯ ಯಂತ್ರದಲ್ಲೋ ಎಟಿಎಂನಲ್ಲೋ "ರೂಪಾಯಿಯಲ್ಲಿ ಕೊಡುತ್ತೀರಾ, ರಿಯಾಲಿನಲ್ಲಿ ಕೊಡುತ್ತೀರಾ?" ಎಂದು ಕೇಳಬಹುದು. ನಮ್ಮ ರೂಪಾಯಿ ಕಂಡಾಗ ಆಪ್ತವೆನಿಸಿ ಅದನ್ನೇ ಒತ್ತಿಬಿಡುತ್ತೇವೆ. ಹಾಗೆ ಒತ್ತಿದರೆ ದರವನ್ನು ನಿಶ್ಚಯಿಸುವವರು ಆ ಯಂತ್ರದವರು, ಅದು ಸಾಮಾನ್ಯವಾಗಿ ನಮಗೆ ನಷ್ಟದ ದರ. ಯಾವ ದೇಶಕ್ಕೆ ಹೋದರೂ ಆ ದೇಶದ ಹಣವನ್ನೇ ಆರಿಸಿ.

ನೋಟಿನ ಪರಿಚಯ

ಹೊರಡುವ ಮುನ್ನ ಮನೆಯ ಮೇಜಿನ ಮೇಲೆ ನೋಟುಗಳನ್ನು ಹರಡಿ ಪರಿಚಯ ಮಾಡಿಕೊಳ್ಳಿ. 5, 10, 20, 50, 100, 200, 500 ರಿಯಾಲಿನ ನೋಟುಗಳಿವೆ. 1 ಮತ್ತು 2 ರಿಯಾಲಿಗೆ ನಾಣ್ಯಗಳಿವೆ. ಒಂದು ರಿಯಾಲ್ ಎಂದರೆ 100 ಹಲಲ. ನೋಟಿನ ಒಂದು ಬದಿಯಲ್ಲಿ ಅರಬಿ ಅಂಕೆ, ಇನ್ನೊಂದು ಬದಿಯಲ್ಲಿ ನಮಗೆ ಪರಿಚಿತವಾದ ಇಂಗ್ಲಿಷ್ ಅಂಕೆ ಇರುತ್ತದೆ. ಅರಬಿಯ ಐದು ನಮ್ಮ ಕನ್ನಡದ ಸೊನ್ನೆಯಂತೆ ದುಂಡಗೆ ಕಾಣುತ್ತದೆ, ಅರಬಿಯ ಸೊನ್ನೆ ಬರೀ ಒಂದು ಚುಕ್ಕೆ. ಅತ್ತೆಯವರು ಮೊದಲ ದಿನ 50ರ ನೋಟನ್ನು ಐದೆಂದು ತಿಳಿದು ಖರ್ಜೂರದವನಿಗೆ ಕೊಡಲು ಹೊರಟಿದ್ದರು. ಸಂಶಯವಾದರೆ ನೋಟನ್ನು ಮಗುಚಿ ನೋಡಿ.

ಊರಲ್ಲಿ ಕೊಳ್ಳುವಾಗಲೇ ಸ್ವಲ್ಪ ಭಾಗವನ್ನು 5, 10, 20ರ ನೋಟಾಗಿ ಕೇಳಿ ಪಡೆಯಿರಿ. 500ರ ನೋಟು ಹಿಡಿದು ಟ್ಯಾಕ್ಸಿಯಲ್ಲಿ ಕುಳಿತರೆ ಚಿಲ್ಲರೆ ಇಲ್ಲವೆಂಬ ರಗಳೆ. ನಾಣ್ಯಗಳನ್ನು ಮರಳಿ ಬಂದ ಮೇಲೆ ಬದಲಾಯಿಸುವವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಅವುಗಳನ್ನು ಅಲ್ಲೇ ಖರ್ಚು ಮಾಡಿ ಅಥವಾ ಸದಕಾ ಕೊಡಿ.

ಹಂಚಿ ಇಡಿ, ಹೇಳಿ ಇಡಿ

ಪ್ಯಾಕೇಜಿನಲ್ಲಿ ಊಟ ವಸತಿ ಸೇರಿದೆಯೇ ಎಂದು ಮೊದಲು ಕೇಳಿ ತಿಳಿದುಕೊಂಡು ಖರ್ಚಿನ ಅಂದಾಜು ಬರೆಯಿರಿ. ಅದರಲ್ಲಿ ಮೊದಲ ಮೂರು ನಾಲ್ಕು ದಿನಕ್ಕೆ ಬೇಕಾದಷ್ಟು ನೋಟಿನ ರೂಪದಲ್ಲಿ, ಉಳಿದದ್ದು ಕಾರ್ಡಿನಲ್ಲಿ ಇರಲಿ. ಎಲ್ಲವನ್ನೂ ಒಬ್ಬರ ಬಳಿ, ಒಂದೇ ಚೀಲದಲ್ಲಿ ಇಡಬೇಡಿ. ತವಾಫ್‌ನ ಸಂದಣಿಯಲ್ಲಿ ಜೇಬುಗಳ್ಳರೂ ಇರುತ್ತಾರೆ ಎಂಬುದು ದುಃಖದ ಸತ್ಯ. ಸ್ವಲ್ಪ ಯಜಮಾನರ ಬಳಿ, ಸ್ವಲ್ಪ ನಿಮ್ಮ ಬಳಿ, ಸ್ವಲ್ಪ ಕೋಣೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇರಲಿ. ವಯಸ್ಸಾದ ತಾಯಿ ಅಥವಾ ಅತ್ತೆ ಜೊತೆಗಿದ್ದರೆ ಅವರ ಬಳಿಯೂ 50 ರಿಯಾಲ್, ಹೋಟೆಲಿನ ವಿಳಾಸದ ಚೀಟಿ, ಗುಂಪಿನ ನಾಯಕರ ಫೋನ್ ನಂಬರ್ ಇರಲೇಬೇಕು. "ಅವರಿಗೇಕೆ ಹಣ?" ಎಂದು ಕೇಳಬೇಡಿ. ತಪ್ಪಿಹೋಗುವವರು ಹೆಚ್ಚಾಗಿ ಅವರೇ.

ಇಲ್ಲಿ ಗಂಡಸರಿಗೂ ಒಂದು ಮಾತು. ಮಹ್ರ್ ಆಗಲಿ, ವಾರಿಸು ಹಕ್ಕಿನ ಪಾಲಾಗಲಿ, ದುಡಿದ ಹಣವಾಗಲಿ ಸ್ತ್ರೀಯದ್ದು ಸ್ತ್ರೀಯದ್ದೇ ಎಂದು ಇಸ್ಲಾಮ್ ಸ್ಪಷ್ಟವಾಗಿ ಹೇಳಿದೆ. ಅನೇಕ ತಾಯಂದಿರು ಬಳೆ ಮಾರಿ, ಚೀಟಿ ಕಟ್ಟಿ ಉಮ್ರಾಕ್ಕೆ ಹಣ ಕೂಡಿಸುತ್ತಾರೆ. ಆ ಹಣ ರಿಯಾಲ್ ಆದ ಕೂಡಲೇ ಅದರ ಮುಖವನ್ನೂ ಅವರು ಕಾಣುವುದಿಲ್ಲ. ಒಂದು ಬಾಟಲಿ ನೀರಿಗೂ ಮಗನನ್ನು ಕೇಳಬೇಕು. ಕಾಳಜಿಯಿಂದಲೇ ಹೀಗೆ ಮಾಡುತ್ತೀರಿ, ಗೊತ್ತು. ಆದರೆ ಆ ಕಾಳಜಿಯ ಒಂದು ಭಾಗವಾಗಿ ಅವರ ಹಣವನ್ನು ಅವರ ಕೈಗೆ ಕೊಟ್ಟು, ಎಣಿಸಲು ಕಲಿಸಿ. ನನ್ನ ಯಜಮಾನರು ಆ ಬೆಳಿಗ್ಗೆ ನಮ್ಮನ್ನು ಹುಡುಕುತ್ತಾ ಎರಡು ಗಂಟೆ ಹರಮ್ ಸುತ್ತಿದ್ದರು. ಕೋಣೆಗೆ ಬಂದವರು ಬೆಲ್ಟ್ ಬಿಚ್ಚಿ ಹಣವನ್ನು ಮೂರು ಪಾಲು ಮಾಡಿ ನಮ್ಮಿಬ್ಬರ ಮುಂದೆ ಇಟ್ಟರು. ಏನೂ ಮಾತಾಡಲಿಲ್ಲ.

ಈಗ ಸರ್ಫ್ ಅಧ್ಯಾಯ ಕಲಿಸುವ ದಿನ ನಾನು ತರಗತಿಗೆ ಒಂದು 5 ರಿಯಾಲಿನ ನೋಟನ್ನು ಒಯ್ಯುತ್ತೇನೆ. ಕರಿಹಲಗೆಯಲ್ಲಿ ಕೊಳ್ಳುವ ದರ, ಮಾರುವ ದರ ಬರೆದು, "ನಿಮ್ಮ ಉಮ್ಮನ ಬಳಿ 40,000 ರೂಪಾಯಿ ಇದೆ, ಎಷ್ಟು ರಿಯಾಲ್ ಸಿಗುತ್ತದೆ?" ಎಂದು ಲೆಕ್ಕ ಕೊಡುತ್ತೇನೆ. ಹುಡುಗಿಯರು ನನಗಿಂತ ಬೇಗ ಮಾಡಿ ಮುಗಿಸುತ್ತಾರೆ.

ನಮ್ಮ ಕೇರಿಯಿಂದ ಯಾರು ಉಮ್ರಾಕ್ಕೆ ಹೊರಟರೂ ಅತ್ತೆಯವರು ಅವರ ಮನೆಗೆ ಹೋಗಿಬರುತ್ತಾರೆ. ಕೈಯಲ್ಲಿ ತಾವೇ ಹೊಲಿದ ಬಟ್ಟೆಯ ಸಣ್ಣ ಚೀಲ ಇರುತ್ತದೆ. ಬುರ್ಖಾದ ಒಳಗೆ ಕಟ್ಟಿಕೊಳ್ಳುವಂತೆ ದಾರವೂ ಇದೆ. ಅದನ್ನು ಮನೆಯ ಹೆಂಗಸಿನ ಕೈಗೇ ಕೊಡುತ್ತಾರೆ. "ಇದರಲ್ಲಿ ನಿನ್ನ ರಿಯಾಲ್ ಇಟ್ಟುಕೋ ಮಗಳೇ. ಮರ್ವಾದ ಹೊರಗೆ ಗುಡಿಸುವವರು ಸಿಕ್ಕಿದರೆ ಅದರಲ್ಲಿ ಸ್ವಲ್ಪ ಅವರಿಗೂ ಕೊಡು" ಎನ್ನುತ್ತಾರೆ.